ಹೊಳೆಯ ಜಾಡು ಹಿಡಿದ ಕ್ರಿಯಾಪದಗಳು

ಬಿಳಿಯ ಹಾಳೆಯೊಂದನ್ನು ಮೇಜಿನ ಮೇಲಿಟ್ಟು ಅದರಲ್ಲಿ ಒಂದು ಗೆರೆಯನ್ನು ಎಳೆಯಿರಿ. ಆ ಗೆರೆಯನ್ನು ಕಾಣದ ಗೆಳೆಯನೊಬ್ಬನಿಗೆ ಅದು ಹೇಗಿದೆಯೆಂದು ಮಾತಿನಿಂದಲೇ ತಿಳಿಸಬೇಕಾಗಿದೆ ಎಂದು ಭಾವಿಸೋಣ. ‘ಎಡದಿಂದ ಬಲಕ್ಕೆ ಹೋಗಿದೆ’ ಎಂದು ನೀವು ಹೇಳಬಹುದು. ದಿಕ್ಕುಗಳ ಅರಿವು ಚೆನ್ನಾಗಿದ್ದವರು ‘ಪಶ್ಚಿಮದಿಂದ ಪೂರ್ವಕ್ಕೆ ಹೋಗಿದೆ’ ಎಂದೂ ಹೇಳಬಹುದು. ಮೊದಲನೆಯ ಉತ್ತರಕ್ಕೆ ಆಧಾರವಾದುದು ನಿಮ್ಮ ಶರೀರ. ನೀವು ಮೇಜಿನ ಎದುರು ಬದಿಗೆ ಹೋಗಿ ನಿಂತ ಕೂಡಲೆ ಅದೇ ಗೆರೆ ಬಲದಿಂದ ಎಡಕ್ಕೆ ಹೋದಂತಾಗುವುದು. ಎರಡನೆಯ ಉತ್ತರಕ್ಕೆ ಆಧಾರವಾದುದು ಸೂರ್ಯನ ಉದಯಾಸ್ತಗಳು. ನೀವು ಎಲ್ಲಿ ನಿಂತರೂ ಅದು ಬದಲಾಗದು.

ಈ ಎರಡು ಆಧಾರಗಳಲ್ಲದೆ ಬೇರೊಂದು ಆಧಾರವುಂಟೆ? ಉಂಟು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ವಾಯವ್ಯ ಮೂಲೆಯಲ್ಲಿ, ಕ್ಲಾಮತ್ ಎಂಬ ನದಿಯ ದಡದಲ್ಲಿ ವಾಸಿಸುವ ಕಾರುಕ್ ಜನರು ತಮ್ಮ ಸುತ್ತಣ ನಡಿಗೆ, ಎಸೆತ, ನೋಟ ಇವುಗಳ ಗತಿಯನ್ನೆಲ್ಲ ನದಿಯೊಂದಕ್ಕೇ ಹೊಂದಿಸಿ ಹೇಳುವ ಭಾಷೆಯನ್ನು ಕಟ್ಟಿಕೊಂಡರು. ಅಷ್ಟೇ ಅಲ್ಲ; ಆ ದಿಕ್ಕನ್ನು ಅವರು ಬೇರೆ ಪದಗಳಿಗೆ ಮಾತ್ರ ಬಿಟ್ಟುಕೊಡದೆ ಕ್ರಿಯಾಪದದ ಒಡಲಿನಲ್ಲಿಯೇ ಇರಿಸಿದರು. ಒಂದು ನಾಡಿನ ಭೂಗೋಳವು ಅಲ್ಲಿಯ ವ್ಯಾಕರಣದೊಳಗೆ ಹೇಗೆ ಮನೆಮಾಡಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ವಾರಸ್ಯವಾದ ಉದಾಹರಣೆ ಸಿಕ್ಕುವುದು ಕಷ್ಟ. ಆ ವ್ಯವಸ್ಥೆ ಎಂತಹದು, ಅದರಿಂದ ನಾವು ಕಲಿಯಬೇಕಾದುದೇನು, ಅದು ಇಂದು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಮುಂದೆ ನೋಡೋಣ.

ನಾಡೂ ನದಿಯೂ

ಕ್ಲಾಮತ್ ನದಿ ಓರಿಗನ್ ರಾಜ್ಯದ ಸರೋವರ ಪ್ರದೇಶದಲ್ಲಿ ಹುಟ್ಟಿ, ಸುಮಾರು ೪೧೦ ಕಿಲೋಮೀಟರುಗಳಷ್ಟು ಹರಿದು ಪೆಸಿಫಿಕ್ ಸಾಗರವನ್ನು ಸೇರುತ್ತದೆ. ಅದು ಹಾದುಬರುವ ನಾಡು ಬಯಲಲ್ಲ. ಕಡಿದಾದ ಪರ್ವತಗಳ ನಾಡು. ನದಿ ಈ ಪರ್ವತಗಳನ್ನು ಕೊರೆದು ಆಳವಾದ ಕಣಿವೆಯನ್ನು ಮಾಡಿಕೊಂಡಿದೆ. ಆ ಕಣಿವೆಯ ನಡುಭಾಗವೇ ಕಾರುಕ್ ಜನರ ನೆಲೆ. ಊರುಗಳೆಲ್ಲ ಹೊಳೆಯ ದಡದಲ್ಲಿಯೇ. ದಾರಿಗಳು ಬಹುಮಟ್ಟಿಗೆ ಹೊಳೆಯನ್ನೇ ಅನುಸರಿಸಿದವು. ಜನರ ಮುಖ್ಯ ಆಹಾರವಾದ ಸಾಲ್ಮನ್ ಮೀನು ಸಮುದ್ರದಿಂದ ಪ್ರವಾಹಕ್ಕೆ ಎದುರಾಗಿ ಈಜಿಕೊಂಡು ಬರುವುದೂ ಹೊಳೆಯಲ್ಲಿಯೇ.

ಇಂತಹ ನಾಡಿನಲ್ಲಿ ಪೂರ್ವ ಪಶ್ಚಿಮಗಳಿಂದ ಆಗುವ ಪ್ರಯೋಜನ ಸ್ವಲ್ಪ. ಹೊಳೆ ಅಂಕುಡೊಂಕಾಗಿ ತಿರುಗುವುದರಿಂದ, ದಡವನ್ನೇ ಹಿಡಿದು ನಡೆಯುವವನು ಒಂದು ತಿರುವಿನಲ್ಲಿ ದಕ್ಷಿಣಕ್ಕೂ ಮತ್ತೊಂದರಲ್ಲಿ ಪಶ್ಚಿಮಕ್ಕೂ ಮುಖಮಾಡಿರುವನು. ಆದರೆ ಅವನು ಹೊಳೆಯ ಕೆಳಗಡೆಗೆ ಹೋಗುತ್ತಿದ್ದಾನೆಂಬುದು ಮಾತ್ರ ಎಲ್ಲ ತಿರುವುಗಳಲ್ಲಿಯೂ ಸತ್ಯ. ಆದುದರಿಂದ ಕಾರುಕ್ ಭಾಷೆಯ ನಾಲ್ಕು ಮೂಲ ದಿಕ್ಕುಗಳು ಹೀಗಿವೆ: ಕಾರುಕ್ ಎಂದರೆ ಹೊಳೆಯ ಮೇಲ್ಗಡೆ, ಯೂರುಕ್ ಎಂದರೆ ಹೊಳೆಯ ಕೆಳಗಡೆ, ಮಾರುಕ್ ಎಂದರೆ ಹೊಳೆಯಿಂದ ದೂರವಾಗಿ ಬೆಟ್ಟದ ಕಡೆ, ಸಾರುಕ್ ಎಂದರೆ ಬೆಟ್ಟದಿಂದ ಇಳಿದು ಹೊಳೆಯ ಕಡೆ.

ಈ ಪದಗಳಲ್ಲಿ ಮೊದಲನೆಯದೇ ಈ ಜನರ ಹೆಸರಾಗಿ ಲೋಕದಲ್ಲಿ ಬಳಕೆಗೆ ಬಂದಿತು. ಎರಡನೆಯದರಿಂದ, ಹೊಳೆಯ ಮುಖದ ಕಡೆ ವಾಸಿಸುವ ಅವರ ನೆರೆಯವರಿಗೆ ‘ಯುರೋಕ್’ ಎಂಬ ಹೆಸರು ಬಂದಿತು. ‘ಮೇಲ್ಹೊಳೆಯವರು’, ‘ಕೆಳಹೊಳೆಯವರು’ ಎಂಬುದೇ ಈ ಎರಡು ಹೆಸರುಗಳ ತಿರುಳು. ಕಾರುಕ್ ಜನರು ತಮ್ಮ ನುಡಿಯನ್ನು ಕರೆಯುವ ಹೆಸರು ‘ಅರರಾಹಿಹ್’, ಎಂದರೆ ಜನರ ಮಾತು.

ಭೂಪಟವನ್ನು ಬಿಡಿಸಿ ನೋಡಿದರೆ ಈ ದಿಕ್ಕುಗಳ ವೈಚಿತ್ರ್ಯ ಇನ್ನೂ ಸ್ಪಷ್ಟವಾಗುವುದು. ಕಾರುಕ್ ನಾಡಿನಲ್ಲಿ ಹೊಳೆ ಒಟ್ಟಿನಮೇಲೆ ದಕ್ಷಿಣಕ್ಕೂ ನೈಋತ್ಯಕ್ಕೂ ಹರಿಯುತ್ತದೆ. ವೈಚ್‌ಪೆಕ್ ಎಂಬಲ್ಲಿ ಟ್ರಿನಿಟಿ ಎಂಬ ಉಪನದಿ ಬಂದು ಕೂಡಿದ ಮೇಲೆ ಅದು ತಿರುಗಿ ವಾಯವ್ಯದ ಕಡೆಗೆ ಹೊರಡುತ್ತದೆ. ಹೀಗಾಗಿ ‘ಹೊಳೆಯ ಕೆಳಗಡೆ’ ಎಂಬ ಒಂದೇ ದಿಕ್ಕು, ಭೂಪಟದಲ್ಲಿ ಒಂದು ಕಡೆ ತೆಂಕಣವಾಗಿಯೂ ಇನ್ನೊಂದು ಕಡೆ ಬಹುಮಟ್ಟಿಗೆ ಬಡಗಣವಾಗಿಯೂ ಕಾಣುವುದು. ಗಣಿತದ ವಿದ್ಯಾರ್ಥಿಗಳಿಗೆ ಇದನ್ನು ಹೀಗೆ ಹೇಳಬಹುದು: ನಾವು ನಕ್ಷೆ ಬರೆಯುವಾಗ ಒಂದಕ್ಕೊಂದು ಲಂಬವಾದ ಎರಡು ನೇರ ಅಕ್ಷಗಳನ್ನು ಎಳೆದುಕೊಳ್ಳುತ್ತೇವೆ. ಕಾರುಕ್ ಜನರಿಗೂ ಎರಡು ಅಕ್ಷಗಳುಂಟು. ಆದರೆ ಅವುಗಳಲ್ಲಿ ಒಂದು ಹೊಳೆಯೊಡನೆ ತಾನೂ ಬಳುಕುವ ಅಕ್ಷ. ಇನ್ನೊಂದು ಅದನ್ನು ಅಡ್ಡಹಾಯ್ದು ಬೆಟ್ಟವನ್ನು ಏರುವ ಅಕ್ಷ.

ಧಾತುವಿನ ಬಾಲಕ್ಕೆ ಕಟ್ಟಿದ ದಾರಿ

ಇಷ್ಟೇ ಆಗಿದ್ದರೆ ಇದನ್ನು ದಿಕ್ಕುಗಳ ಹೆಸರುಗಳಿಗೆ ಸಂಬಂಧಿಸಿದ ಒಂದು ವಿಶೇಷವೆಂದು ಬಿಟ್ಟುಬಿಡಬಹುದಾಗಿತ್ತು. ಕಾರುಕ್ ನುಡಿಯ ನಿಜವಾದ ಸೊಗಸಿರುವುದು ಅದರ ಕ್ರಿಯಾಪದದಲ್ಲಿ.

ಸಂಸ್ಕೃತದ ಪರಿಚಯವುಳ್ಳ ವಿದ್ಯಾರ್ಥಿಗಳಿಗೆ ಉಪಸರ್ಗಗಳ ವಿಷಯ ತಿಳಿದೇ ಇರುವುದು. ‘ಗಮನ’ ಎಂದರೆ ಹೋಗುವಿಕೆ. ಅದಕ್ಕೆ ಮುಂದುಗಡೆ ಒಂದೊಂದು ಉಪಸರ್ಗವನ್ನು ಸೇರಿಸಿದಂತೆ ‘ಆಗಮನ’, ‘ನಿರ್ಗಮನ’, ‘ಅನುಗಮನ’ ಎಂದು ಹೋಗುವ ದಾರಿಯೇ ಬದಲಾಗುತ್ತದೆ. ‘ಆರೋಹಣ’ ‘ಅವರೋಹಣ’ಗಳೂ ಇದೇ ಬಗೆಯವು. ಧಾತು ಕ್ರಿಯೆಯನ್ನು ತಿಳಿಸುತ್ತದೆ, ಉಪಸರ್ಗ ದಾರಿಯನ್ನು ತಿಳಿಸುತ್ತದೆ. ಕಾರುಕ್ ಭಾಷೆಯಲ್ಲಿಯೂ ಇದೇ ವಿಭಜನೆಯುಂಟು. ಆದರೆ ದಾರಿಯನ್ನು ತಿಳಿಸುವ ಅಂಶ ಅಲ್ಲಿ ಧಾತುವಿಗೆ ಮುಂಚೆ ಬರದೆ, ಧಾತುವಿನ ಕೊನೆಯಲ್ಲಿ ಪ್ರತ್ಯಯವಾಗಿ ಬರುತ್ತದೆ. ಇಂತಹ ದಿಕ್ಸೂಚಕ ಪ್ರತ್ಯಯಗಳು ಅಲ್ಲಿ ಬಹುಸಂಖ್ಯೆಯಲ್ಲಿವೆ. ಅವು ತಿಳಿಸುವ ಭೇದಗಳೂ ಸಂಸ್ಕೃತದ ಉಪಸರ್ಗಗಳು ತಿಳಿಸುವ ಭೇದಗಳಿಗಿಂತ ಬಹಳ ಸೂಕ್ಷ್ಮವಾದವು.

‘ಎಸೆ’ ಎಂಬರ್ಥದ ‘ಪಾಥ್’ ಧಾತುವನ್ನು ತೆಗೆದುಕೊಳ್ಳೋಣ. (ಕನ್ನಡ ಲಿಪಿಯಲ್ಲಿ ಈ ನುಡಿಯ ಉಚ್ಚಾರಣೆಯನ್ನು ಸುಮಾರಾಗಿ ಮಾತ್ರ ತೋರಿಸಬಹುದು.) ಇದಕ್ಕೆ ‘ಕಿರಿಹ್’ ಎಂಬ ಪ್ರತ್ಯಯವನ್ನು ಹಚ್ಚಿ ‘ಪಾಥ್‌ಕಿರಿಹ್’ ಎಂದರೆ ಬೆಂಕಿಯೊಳಕ್ಕೆ ಎಸೆ ಎಂದಾಯಿತು. ‘ಕುರಿಹ್’ ಎಂಬುದನ್ನು ಹಚ್ಚಿ ‘ಪಾಥ್‌ಕುರಿಹ್’ ಎಂದರೆ ನೀರಿನೊಳಕ್ಕೆ ಎಸೆ ಎಂದಾಯಿತು. ಬೆಂಕಿ, ನೀರು ಎಂಬ ನಾಮಪದಗಳು ಇಲ್ಲಿ ಬರಲೇ ಇಲ್ಲ. ಆದರೂ ಎಸೆತದ ಗೆರೆ ಎಲ್ಲಿ ಹೋಗಿ ಮುಗಿಯಿತೆಂಬುದು ಪೂರ್ತಿಯಾಗಿ ತಿಳಿಯಿತು. ಹಾಗೆಯೇ ‘ಫುರುಕ್’ ಎಂಬ ಪ್ರತ್ಯಯ, ಗೋಡೆಗಳಿಂದ ಆವೃತವಾದ ಜಾಗದೊಳಕ್ಕೆ ಹೋಗುವುದನ್ನೂ, ‘ರುಪುಕ್’ ಎಂಬುದು ಅಂತಹ ಜಾಗದಿಂದ ಹೊರಕ್ಕೆ ಬರುವುದನ್ನೂ ತಿಳಿಸುತ್ತವೆ. ಕಾರುಕ್ ಜನರ ಹಿಂದಿನ ಮನೆಗಳು ಹಲಗೆಯಿಂದ ಕಟ್ಟಿ, ನೆಲವನ್ನು ಅಗೆದು ತಗ್ಗಿಸಿದ ಮನೆಗಳು. ಗುಂಡಾದ ಕಿರುಬಾಗಿಲಿನಲ್ಲಿ ಬಗ್ಗಿ ನುಸುಳಿ ಒಳಹೋಗಬೇಕಾಗಿತ್ತು. ಅಂತಹ ಬಾಳಿನಲ್ಲಿ ಒಳಹೊರಗುಗಳ ಭೇದವನ್ನು ನುಡಿ ಎತ್ತಿ ತೋರಿಸಿದುದು ಸಹಜವೇ ಆಗಿದೆ.

ಕಿರಣದ ಮೊದಲೂ ಕೊನೆಯೂ

ಈಗ ಹೊಳೆಗೆ ಸಂಬಂಧಿಸಿದ ಪ್ರತ್ಯಯಗಳಿಗೆ ಬರೋಣ. ಇಲ್ಲಿ ಒಂದು ಜಾಣತನದ ಏರ್ಪಾಡುಂಟು. ‘ರುಪು’ ಎಂಬ ಪ್ರತ್ಯಯದ ಅರ್ಥ ‘ಇಲ್ಲಿಂದ ಹೊಳೆಯ ಕೆಳಗಡೆಗೆ’ ಎಂದು. ‘ವರಕ್’ ಎಂಬುದರ ಅರ್ಥ ‘ಹೊಳೆಯ ಮೇಲ್ಗಡೆಯಿಂದ ಇಲ್ಲಿಗೆ’ ಎಂದು. (‘ರುಪು’ ‘ವರಕ್’ಗಳು ನಮ್ಮ ‘ರೂಪು’ ‘ವರೆಗೆ’ಗಳನ್ನು ನೆನಪಿಗೆ ತಂದರೆ ಅದು ಬರಿಯ ಕಾಕತಾಳೀಯ; ಈ ಎರಡು ನುಡಿಗಳಿಗೆ ಯಾವ ನಂಟೂ ಇಲ್ಲ.) ಚಲನೆಯ ದಿಕ್ಕನ್ನು ಮಾತ್ರ ನೋಡಿದರೆ ಎರಡೂ ಒಂದೇ: ಪ್ರವಾಹದೊಡನೆ ಕೆಳಮುಖವಾಗಿ. ಹಾಗಿದ್ದರೆ ಎರಡು ಪ್ರತ್ಯಯಗಳೇಕೆ?

ಹೊಳೆಯ ದಡದಲ್ಲಿ ಮೇಲಿನಿಂದ ಕೆಳಕ್ಕೆ ಮೂರು ಊರುಗಳಿವೆಯೆಂದೂ, ನೀವು ನಡುವಣ ಊರಿನಲ್ಲಿ ನಿಂತಿರುವಿರೆಂದೂ ಭಾವಿಸಿ. ದೋಣಿಯೊಂದು ಮೇಲಿನ ಊರಿನಿಂದ ಹೊರಟು ನಿಮ್ಮ ಬಳಿಗೆ ಬಂದಿತು. ಅನಂತರ ನಿಮ್ಮನ್ನು ಬಿಟ್ಟು ಕೆಳಗಣ ಊರಿಗೆ ಹೋಯಿತು. ದೋಣಿಯ ದಿಕ್ಕು ಉದ್ದಕ್ಕೂ ಒಂದೇ ಆದರೂ, ನಿಮ್ಮ ಪಾಲಿಗೆ ಅದರ ದಾರಿ ಎರಡು ತುಂಡುಗಳಾಗಿದೆ. ಮೊದಲನೆಯ ತುಂಡು ನಿಮ್ಮಲ್ಲಿ ಮುಗಿಯುವಂತಹದು. ಎರಡನೆಯದು ನಿಮ್ಮಿಂದ ಮೊದಲಾಗುವಂತಹದು. ಮೊದಲನೆಯದಕ್ಕೆ ‘ವರಕ್’, ಎರಡನೆಯದಕ್ಕೆ ‘ರುಪು’. ಜ್ಯಾಮಿತಿಯಲ್ಲಿ ಒಂದು ಬಿಂದುವಿನಿಂದ ಹೊರಟು ಒಂದೇ ಕಡೆಗೆ ಹಬ್ಬುವ ಗೆರೆಯನ್ನು ಕಿರಣವೆನ್ನುತ್ತೇವೆ. ‘ರುಪು’ ಎಂಬುದು ನುಡಿಯುವವನಿಂದ ಹೊರಟ ಕಿರಣ. ‘ವರಕ್’ ಎಂಬುದು ನುಡಿಯುವವನನ್ನು ತಲುಪಿ ನಿಂತ ಕಿರಣ. ‘ಇಲ್ಲಿಂದ ಹೊಳೆಯ ಮೇಲ್ಗಡೆಗೆ’ ಎಂಬುದಕ್ಕೆ ‘ರೋವು’ ಎಂಬ ಪ್ರತ್ಯಯವಿದೆ. ಬೆಟ್ಟದ ಕಡೆಗೆ, ಬೆಟ್ಟದ ಕಡೆಯಿಂದ, ಹೊಳೆಯ ಆಚೆಗೆ, ಆಚೆಯಿಂದ ಈಚೆಗೆ ಎಂಬಂತಹ ಚಲನೆಗಳಿಗೂ ಬೇರೆಬೇರೆ ಪ್ರತ್ಯಯಗಳಿವೆ. ಹೊಳೆಗೆ ಹೊಂದಿಸಿದ ಈ ಅಳತೆಯೊಳಗೆ ನುಡಿಯುವವನ ನೆಲೆಯೂ ಹೀಗೆ ಒಂದು ಬಿಂದುವಾಗಿ ಸೇರಿಕೊಳ್ಳುತ್ತದೆ.

ಕನ್ನಡದಲ್ಲಿಯೂ ನಾವು ಈ ಎರಡನೆಯ ಭೇದವನ್ನು ಮಾಡದೆ ಇಲ್ಲ. ‘ಇಳಿದು ಬಂದ’, ‘ಇಳಿದು ಹೋದ’ ಎಂಬಲ್ಲಿ ಇಳಿಯುವುದು ಒಂದೇ. ‘ಬಂದ’ ‘ಹೋದ’ಗಳು ನುಡಿಯುವವನು ನಿಂತ ಜಾಗವನ್ನು ಸೂಚಿಸುತ್ತವೆ. ನಾವು ಇದಕ್ಕಾಗಿ ಎರಡು ಕ್ರಿಯಾಪದಗಳನ್ನು ಜೋಡಿಸುತ್ತೇವೆ. ಕಾರುಕ್ ಜನರು ಇದನ್ನೂ ಹೊಳೆಯ ದಿಕ್ಕನ್ನೂ ಒಂದೇ ಪ್ರತ್ಯಯದಲ್ಲಿ ಅಡಕಮಾಡಿದರು.

ಚಲಿಸದ ಗೆರೆಗಳು

ಎಸೆದ ಕಲ್ಲೂ ತೇಲಿದ ದೋಣಿಯೂ ನಿಜವಾಗಿ ಚಲಿಸುವ ವಸ್ತುಗಳು. ಆದರೆ ಕಾರುಕ್ ಭಾಷೆಯಲ್ಲಿ ‘ನೋಡು’ ಎಂಬರ್ಥದ ಧಾತುವಿಗೂ ಈ ಪ್ರತ್ಯಯಗಳು ಸೇರುತ್ತವೆ. ಹೊಳೆಯ ಮೇಲ್ಗಡೆಗೆ ನೋಡುವುದು, ಕೆಳಗಡೆಗೆ ನೋಡುವುದು ಇವೆಲ್ಲ ಒಂದೊಂದೇ ಪದದಲ್ಲಿ ಮುಗಿಯುತ್ತವೆ. ನೋಡುವವನು ನಿಂತಲ್ಲಿಯೇ ನಿಂತಿದ್ದಾನೆ. ಅವನಿಂದ ಯಾವ ವಸ್ತುವೂ ಹೊರಟಿಲ್ಲ. ಆದರೂ ಅವನ ನೋಟ ಒಂದು ಗೆರೆಯಾಗಿ ಹೊರಟು, ಎಸೆದ ಕಲ್ಲಿನ ಹಾಗೆ ಹೊಳೆಯ ಜಾಡನ್ನು ಹಿಡಿಯುವುದು.

ಇದು ವಿಚಿತ್ರವೆಂದು ತೋರಿದರೆ ನಮ್ಮ ಮಾತನ್ನೇ ಗಮನಿಸಬೇಕು. ‘ಕಣ್ಣು ಹಾಯಿಸಿದ’ ಎನ್ನುತ್ತೇವೆ. ‘ಕಣ್ಣು ಹಾಯುವಷ್ಟು ದೂರ ಗದ್ದೆ ಹಬ್ಬಿದೆ’ ಎನ್ನುತ್ತೇವೆ. ಭೌತಶಾಸ್ತ್ರದ ಪ್ರಕಾರ ಕಣ್ಣಿನಿಂದ ಏನೂ ಹಾಯುವುದಿಲ್ಲ. ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆ. ಆದರೆ ಮಾತು ಮಾತ್ರ ಗೆರೆಯನ್ನು ಕಣ್ಣಿನಿಂದಲೇ ಹೊರಡಿಸುತ್ತದೆ. ಹಾಗೆಯೇ ‘ದಾರಿ ಬೆಟ್ಟವನ್ನು ಹತ್ತುತ್ತದೆ’, ‘ಬೇಲಿ ಹೊಳೆಯವರೆಗೂ ಹೋಗಿದೆ’ ಎಂಬ ವಾಕ್ಯಗಳಲ್ಲಿ ಹತ್ತುವವರೂ ಇಲ್ಲ, ಹೋಗುವವರೂ ಇಲ್ಲ. ದಾರಿಯೂ ಬೇಲಿಯೂ ಇದ್ದಲ್ಲಿಯೇ ಬಿದ್ದಿವೆ. ಉದ್ದವಾಗಿ ಹಬ್ಬಿರುವುದನ್ನು ಹೇಳಬೇಕಾದಾಗ ಮನುಷ್ಯನು ಚಲನೆಯ ಕ್ರಿಯಾಪದವನ್ನು ಸಾಲವಾಗಿ ತರುತ್ತಾನೆ.

ಭಾಷಾಶಾಸ್ತ್ರಜ್ಞನಾದ ಲಿಯೊನಾರ್ಡ್ ಟಾಲ್ಮಿ ಈ ಬಗೆಯ ಪ್ರಯೋಗಗಳನ್ನು ವಿವರವಾಗಿ ವಿಂಗಡಿಸಿ ತೋರಿಸಿದ್ದಾನೆ. ಇದನ್ನು ನಾವು ‘ಕಲ್ಪಿತ ಚಲನೆ’ ಎನ್ನಬಹುದು. ಟಾಲ್ಮಿಯ ವಿಚಾರಗಳಿಗೆ ಮೂಲವಾದುದು ಕ್ಯಾಲಿಫೋರ್ನಿಯದ ಇನ್ನೊಂದು ಮೂಲನಿವಾಸಿ ನುಡಿಯಾದ ಅಟ್ಸುಗೆವಿಯನ್ನು ಕುರಿತ ಅವನ ೧೯೭೨ರ ಪ್ರಬಂಧ ಎಂಬುದು ಗಮನಾರ್ಹ. ಆ ನುಡಿಯಲ್ಲಿ ಒಂದು ತುದಿಯಿಂದ ಜೋತುಬಿದ್ದ, ಬಿಗಿಯಿಲ್ಲದ ಉದ್ದನೆಯ ವಸ್ತುವಿನ ಇರವು ಚಲನೆಗಳನ್ನು ತಿಳಿಸಲು ಪ್ರತ್ಯೇಕವಾದ ಒಂದು ಧಾತುವೇ ಉಂಟು. ಹಗ್ಗಕ್ಕೆ ನೇತುಹಾಕಿದ ಅಂಗಿ, ಬೇಟೆಯಾಡಿ ತೂಗುಹಾಕಿದ ಮೊಲ ಇವು ಅದಕ್ಕೆ ಉದಾಹರಣೆಗಳು.

ಕಲ್ಪಿತ ಚಲನೆ ಬರಿಯ ಮಾತಿನ ಅಲಂಕಾರವೆ, ಅಥವಾ ಕೇಳುವವನ ಮನಸ್ಸು ನಿಜವಾಗಿಯೂ ಆ ದಾರಿಯಲ್ಲಿ ನಡೆಯುವುದೆ? ಟೀನಿ ಮ್ಯಾಟ್‌ಲಾಕ್ ಎಂಬ ಸಂಶೋಧಕಿ ಇದನ್ನು ಪ್ರಯೋಗದಿಂದ ಪರೀಕ್ಷಿಸಿ ೨೦೦೪ರಲ್ಲಿ ಫಲವನ್ನು ಪ್ರಕಟಿಸಿದಳು. ಓದುವವರಿಗೆ ಮೊದಲು ಪ್ರಯಾಣದ ಒಂದು ಸಣ್ಣ ಕಥೆಯನ್ನು ಕೊಡಲಾಯಿತು. ಕೆಲವು ಕಥೆಗಳಲ್ಲಿ ಪ್ರಯಾಣ ಬೇಗನೆ ಮುಗಿಯುವುದು, ಕೆಲವುಗಳಲ್ಲಿ ನಿಧಾನ. ಅನಂತರ ‘ರಸ್ತೆ ಹೀಗೆ ಹಾದುಹೋಗುತ್ತದೆ’ ಎಂಬ ಬಗೆಯ ಒಂದು ವಾಕ್ಯ. ನಿಧಾನವಾದ ಪ್ರಯಾಣದ ಕಥೆಯನ್ನು ಓದಿದವರು ಈ ವಾಕ್ಯವನ್ನು ಗ್ರಹಿಸಲು ಹೆಚ್ಚು ಸಮಯ ತೆಗೆದುಕೊಂಡರು. ಚಲನೆಯ ಕ್ರಿಯಾಪದವಿಲ್ಲದ ವಾಕ್ಯಗಳಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಎಂದರೆ, ನಿಶ್ಚಲವಾದ ರಸ್ತೆಯನ್ನು ಕುರಿತು ಓದುವಾಗಲೂ ಮನಸ್ಸು ಅದರ ಮೇಲೆ ಒಂದು ಬಗೆಯ ನಡಿಗೆಯನ್ನು ನಡೆಯುತ್ತದೆಂದು ಊಹಿಸಲು ಆಧಾರ ದೊರೆಯಿತು.

ಒಂದು ಕಣಿವೆ, ಮೂರು ವ್ಯಾಕರಣಗಳು

ಕಾರುಕ್ ಜನರ ನೆರೆಹೊರೆಯನ್ನು ನೋಡಿದರೆ ಈ ವಿಷಯಕ್ಕೆ ಮತ್ತೊಂದು ಮುಖವುಂಟೆಂದು ಗೊತ್ತಾಗುತ್ತದೆ. ಕ್ಲಾಮತ್ತಿನ ಕೆಳಗಡೆ ಯುರೋಕ್ ಜನರು. ಟ್ರಿನಿಟಿಯ ದಡದಲ್ಲಿ ಹೂಪ ಜನರು. ಈ ಮೂವರೂ ಒಂದೇ ಬಗೆಯ ಮನೆಗಳನ್ನು ಕಟ್ಟಿ, ಒಂದೇ ಬಗೆಯ ಆಹಾರವನ್ನು ಉಂಡು, ಒಂದೇ ಬಗೆಯ ಹಬ್ಬಗಳನ್ನು ಆಚರಿಸುತ್ತ ಬಂದವರು. ಆದರೆ ಅವರ ನುಡಿಗಳಿಗೆ ಪರಸ್ಪರ ಸಂಬಂಧವೇ ಇಲ್ಲ. ಯುರೋಕ್ ನುಡಿಯ ದೂರದ ಬಂಧುಗಳು ಅಟ್ಲಾಂಟಿಕ್ ತೀರದವರೆಗೆ ಹರಡಿರುವ ಆಲ್ಗಾಂಕಿಯನ್ ನುಡಿಗಳು. ಹೂಪ ನುಡಿಯ ಬಂಧುಗಳು ಉತ್ತರದ ಅಲಾಸ್ಕದಲ್ಲಿಯೂ ದಕ್ಷಿಣದ ನವಾಹೋ ಜನರಲ್ಲಿಯೂ ಇದ್ದಾರೆ. ಕಾರುಕ್ ನುಡಿಗೆ ನಿಸ್ಸಂದೇಹವಾದ ಬಂಧುವೊಂದೂ ಇನ್ನೂ ದೊರೆತಿಲ್ಲ.

ಹೊಳೆಯ ಮೇಲ್ಗಡೆ ಕೆಳಗಡೆ ಎಂಬ ದಿಕ್ಕುಗಳು ಮೂವರಲ್ಲಿಯೂ ಉಂಟು. ಮಾನವಶಾಸ್ತ್ರಜ್ಞನಾದ ಎ. ಎಲ್. ಕ್ರೋಬರ್ ೧೯೨೫ರಲ್ಲಿ ಪ್ರಕಟಿಸಿದ ತನ್ನ ದೊಡ್ಡ ಗ್ರಂಥದಲ್ಲಿ, ಯುರೋಕ್ ಜನರು ದಿಕ್ಕುಗಳನ್ನು ನೀರಿನ ಹರಿವಿನಿಂದಲೇ ಎಣಿಸುವರೆಂದು ಹೇಳಿದ್ದಾನೆ. ಆದರೆ ಉದ್ದನೆಯ ವಸ್ತುಗಳನ್ನು ಕುರಿತು ಮಾತಾಡುವಾಗ ಮೂವರ ದಾರಿಯೂ ಬೇರೆಬೇರೆ. ಯುರೋಕ್ ಭಾಷೆಯಲ್ಲಿ ಎಣಿಕೆಯ ಪದವೇ ವಸ್ತುವಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಮನುಷ್ಯರಿಗೆ ಒಂದು ‘ಮೂರು’, ಗುಂಡಾದವುಗಳಿಗೆ ಇನ್ನೊಂದು ‘ಮೂರು’, ಉದ್ದವಾಗಿ ನೆಟ್ಟಗಿರುವವುಗಳಿಗೆ ಮತ್ತೊಂದು. ಹೂಪ ಭಾಷೆಯಲ್ಲಿ ಎಣಿಕೆಯಲ್ಲಿ ಅಲ್ಲ, ಕ್ರಿಯಾಪದದ ಧಾತುವಿನಲ್ಲಿ ಭೇದ. ಕೋಲಿನಂತಹ ವಸ್ತು ಬಿದ್ದಿರುವುದಕ್ಕೂ ದುಂಡಗಿನ ವಸ್ತು ಬಿದ್ದಿರುವುದಕ್ಕೂ ಬೇರೆಬೇರೆ ಧಾತುಗಳು. ಕಾರುಕ್ ಭಾಷೆಯ ಮುಖ್ಯವಾದ ಗಮನ ವಸ್ತುವಿನ ಆಕಾರದ ಮೇಲಲ್ಲ, ಅದು ಹಿಡಿದ ದಾರಿಯ ಮೇಲೆ. ಮೇರಿ ಹಾಸ್ ಎಂಬ ಭಾಷಾಶಾಸ್ತ್ರಜ್ಞೆ ಈ ಮೂರು ನೆರೆನುಡಿಗಳ ವರ್ಗೀಕರಣದ ಕ್ರಮಗಳನ್ನು ೧೯೬೭ರಲ್ಲಿ ಹೋಲಿಸಿ ಬರೆದಳು.

ಇದರಿಂದ ಒಂದು ಎಚ್ಚರಿಕೆಯ ಮಾತನ್ನು ನಾವು ಕಲಿಯಬೇಕು. ನಾಡು ನುಡಿಯನ್ನು ರೂಪಿಸುತ್ತದೆಂಬುದು ನಿಜವಾದರೂ, ಪೂರ್ತಿಯಾಗಿ ನಿರ್ಣಯಿಸುತ್ತದೆ ಎನ್ನಲಾಗದು. ಒಂದೇ ಹೊಳೆಯ ನೀರನ್ನು ಕುಡಿದ ಮೂವರು ಜನರು ಮೂರು ವ್ಯಾಕರಣಗಳನ್ನು ಕಾಪಾಡಿಕೊಂಡು ಬಂದರು.

ನುಡಿಯೂ ಬಗೆಯೂ

ಹೊಳೆಯಿಂದಲೇ ದಿಕ್ಕನ್ನು ಹೇಳುವವನು ದಿಕ್ಕನ್ನು ಕುರಿತು ಆಲೋಚಿಸುವ ಬಗೆಯೂ ಬೇರೆಯಾಗಿರುವುದೆ? ಇದನ್ನು ಕುರಿತ ಪ್ರಸಿದ್ಧವಾದ ಪ್ರಯೋಗಗಳು ನಡೆದುದು ಬೇರೆಡೆಯಲ್ಲಿ. ಮೆಕ್ಸಿಕೊ ದೇಶದ ಗುಡ್ಡಗಾಡಿನ ತ್ಸೆಲ್ತಾಲ್ ಭಾಷೆಯವರು ಎಡಬಲಗಳಿಂದಲ್ಲದೆ, ಏರು ಇಳಿಜಾರುಗಳಿಂದ ದಿಕ್ಕನ್ನು ಹೇಳುತ್ತಾರೆ. ಪೆನೆಲೊಪಿ ಬ್ರೌನ್, ಸ್ಟೀಫನ್ ಲೆವಿನ್ಸನ್ ಎಂಬ ವಿದ್ವಾಂಸರು ಮೇಜಿನ ಮೇಲೆ ಆಟದ ಪ್ರಾಣಿಗಳನ್ನು ಸಾಲಾಗಿ ನಿಲ್ಲಿಸಿ ತೋರಿಸಿದರು. ನೋಡಿದವನು ಹಿಂದಿರುಗಿ ಇನ್ನೊಂದು ಮೇಜಿನ ಮೇಲೆ ಅದೇ ಸಾಲನ್ನು ಮತ್ತೆ ಜೋಡಿಸಬೇಕು. ಡಚ್ ಭಾಷೆಯವರಲ್ಲಿ ಬಹುಮಂದಿ ಎಡಬಲಗಳನ್ನು ಉಳಿಸಿಕೊಂಡು ಜೋಡಿಸಿದರು. ತ್ಸೆಲ್ತಾಲ್ ಭಾಷೆಯವರಲ್ಲಿ ಬಹುಮಂದಿ, ಪ್ರಾಣಿಗಳು ಮೊದಲು ಮುಖಮಾಡಿದ್ದ ದಿಕ್ಕನ್ನೇ ಉಳಿಸಿಕೊಂಡು ಜೋಡಿಸಿದರು. ಎಡಬಲಗಳು ಅದಲುಬದಲಾದುದನ್ನು ಅವರು ಲೆಕ್ಕಿಸಲಿಲ್ಲ.

ಇದು ನುಡಿಯ ಪ್ರಭಾವವೆ, ಅಥವಾ ಬಯಲು, ಕೊಠಡಿ ಮುಂತಾದ ಪರಿಸರದ ಪ್ರಭಾವವೆ ಎಂಬುದರಲ್ಲಿ ವಾದವುಂಟು. ಪೆಗಿ ಲೀ, ಲೈಲಾ ಗ್ಲೈಟ್‌ಮನ್ ಎಂಬವರು ೨೦೦೨ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸುತ್ತಲಿನ ಗುರುತುಗಳನ್ನು ಬದಲಾಯಿಸಿದರೆ ಇಂಗ್ಲಿಷ್ ಮಾತಾಡುವವರ ಜೋಡಣೆಯೂ ಬದಲಾಗುವುದೆಂದು ತೋರಿಸಿದರು. ಅದಕ್ಕೆ ಪ್ರತ್ಯುತ್ತರಗಳೂ ಬಂದವು. ಆದರೆ ಒಂದು ಮಾತನ್ನು ಯಾರೂ ಅಲ್ಲಗಳೆಯಲಾರರು: ಪ್ರತಿಯೊಂದು ನಡಿಗೆಗೂ ನೋಟಕ್ಕೂ ಹೊಳೆಯ ದಿಕ್ಕನ್ನು ಹಚ್ಚಿ ನುಡಿಯಬೇಕಾದವನು, ತಾನು ಎಲ್ಲಿದ್ದರೂ ಹೊಳೆ ಯಾವ ಕಡೆಗಿದೆಯೆಂಬುದನ್ನು ಮರೆಯುವಂತಿಲ್ಲ.

ಕಾರುಕ್ ನುಡಿಯಿಂದ ಕನ್ನಡಕ್ಕೆ

ಈ ವ್ಯಾಕರಣವನ್ನು ವಿದ್ವತ್ಪ್ರಪಂಚಕ್ಕೆ ಕ್ರಮವಾಗಿ ತಿಳಿಸಿಕೊಟ್ಟವನು ವಿಲಿಯಂ ಬ್ರೈಟ್. ಅವನಿಗಿಂತ ಮುಂಚೆ ಜೆ. ಪಿ. ಹ್ಯಾರಿಂಗ್ಟನ್ ಎಂಬವನು ಕಾರುಕ್ ಜನರ ಕಥೆಗಳನ್ನೂ ಹೊಗೆಸೊಪ್ಪಿನ ಬಳಕೆಯನ್ನು ಕುರಿತ ಒಂದು ದೊಡ್ಡ ಗ್ರಂಥವನ್ನೂ ೧೯೩೨ರಲ್ಲಿ ಪ್ರಕಟಿಸಿದ್ದನು. ಬ್ರೈಟ್ ೧೯೪೯ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಕ್ಲಾಮತ್ ದಡದ ಹಿರಿಯರ ಬಳಿ ಕುಳಿತು ನುಡಿಯನ್ನು ಕಲಿಯತೊಡಗಿದನು. ಅದರ ಫಲವಾದ ಕಾರುಕ್ ವ್ಯಾಕರಣ, ಕಥೆಗಳು ಮತ್ತು ಪದಕೋಶ ೧೯೫೭ರಲ್ಲಿ ಅಚ್ಚಾದವು. ಈ ನಡುವೆ ಅವನು ಭಾರತಕ್ಕೆ ಬಂದು ಅಭ್ಯಾಸ ಮಾಡಿದ ನುಡಿ ಯಾವುದು? ನಮ್ಮ ಕನ್ನಡವೇ. ಆಡುಗನ್ನಡದ ರಚನೆಯನ್ನು ಕುರಿತ ಅವನ ಪುಸ್ತಕವನ್ನು ಪುಣೆಯ ಡೆಕ್ಕನ್ ಕಾಲೇಜು ೧೯೫೮ರಲ್ಲಿ ಪ್ರಕಟಿಸಿತು. ಕನ್ನಡದ ಸಾಮಾಜಿಕ ಉಪಭಾಷೆಗಳನ್ನು ಕುರಿತು ಅವನು ಬರೆದ ಲೇಖನಗಳೂ ಹೆಸರುಗೊಂಡವು. ಒಂದೇ ವರ್ಷದ ಅಂತರದಲ್ಲಿ ಒಬ್ಬನ ಲೇಖನಿಯಿಂದ ಹೊರಬಂದ ಈ ಎರಡು ಪುಸ್ತಕಗಳಲ್ಲಿ ಒಂದು ಕೋಟ್ಯಂತರ ಜನರ ನುಡಿಯದು, ಇನ್ನೊಂದು ಆಗಲೇ ಕ್ಷೀಣಿಸುತ್ತಿದ್ದ ನುಡಿಯದು.

ಆ ಕ್ಷೀಣತೆಗೆ ಕಾರಣ ನುಡಿಯಲ್ಲಿರಲಿಲ್ಲ. ೧೮೪೮ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿನ್ನ ದೊರೆತ ಮೇಲೆ ಕ್ಲಾಮತ್ ಕಣಿವೆಗೂ ಗಣಿಗಾರರು ನುಗ್ಗಿದರು. ಊರುಗಳು ಸುಟ್ಟುವು, ಜನ ಸತ್ತರು. ೧೮೫೧ರಲ್ಲಿ ಮಾಡಿಕೊಂಡ ಒಪ್ಪಂದಗಳನ್ನು ಅಮೆರಿಕದ ಸೆನೆಟ್ ಮರುವರ್ಷ ತಿರಸ್ಕರಿಸಿತು. ಮುಂದೆ ಮಕ್ಕಳನ್ನು ದೂರದ ವಸತಿಶಾಲೆಗಳಿಗೆ ಸೇರಿಸಿ, ತಾಯ್ನುಡಿಯನ್ನಾಡಿದರೆ ದಂಡಿಸುವ ಕಾಲ ಬಂದಿತು. ಹೊಳೆಯಿಂದ ದೂರವಾದ ಮಗುವಿಗೆ ಹೊಳೆಯ ಪ್ರತ್ಯಯಗಳು ಯಾವ ಉಪಯೋಗಕ್ಕೆ? ಇಂದು ಕಾರುಕ್ ನುಡಿಯನ್ನು ಎಳವೆಯಿಂದಲೇ ಆಡಿ ಬೆಳೆದ ಹಿರಿಯರು ಬೆರಳೆಣಿಕೆಯಷ್ಟು ಮಾತ್ರ. ಟಾಲ್ಮಿ ಅಭ್ಯಾಸಮಾಡಿದ ಅಟ್ಸುಗೆವಿಯನ್ನು ತಾಯ್ನುಡಿಯಾಗಿ ಆಡುವವರು ಈಗ ಯಾರೂ ಇಲ್ಲ.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಬ್ರೈಟ್ ತನ್ನ ಬಾಳಿನ ಕೊನೆಯವರೆಗೂ ಈ ಕೆಲಸವನ್ನು ಬಿಡಲಿಲ್ಲ. ಕಾರುಕ್ ಜನರು ಅವನನ್ನು ತಮ್ಮ ಪಂಗಡದ ಗೌರವ ಸದಸ್ಯನನ್ನಾಗಿ ಮಾಡಿಕೊಂಡು, ‘ಮಾತುಗಳನ್ನು ಕೇಳುವ ಚಿಕ್ಕವ’ ಎಂಬರ್ಥದ ಹೆಸರನ್ನು ಕೊಟ್ಟರು. ಕಾರುಕ್ ಜನರವರೇ ಆದ ಸೂಸನ್ ಗೆಯರ್ ಅವರೊಡನೆ ಅವನು ಸಿದ್ಧಪಡಿಸಿದ ನಿಘಂಟನ್ನು ೨೦೦೫ರಲ್ಲಿ ಕಾರುಕ್ ಪಂಗಡವೇ ಪ್ರಕಟಿಸಿತು. ಮರುವರ್ಷ ಬ್ರೈಟ್ ತೀರಿಕೊಂಡನು.

ನಿಘಂಟೊಂದರಿಂದಲೇ ನುಡಿ ಉಳಿಯದೆಂಬುದು ಅಲ್ಲಿಯ ಜನರಿಗೆ ಚೆನ್ನಾಗಿ ಗೊತ್ತು. ಪಟ್ಟಿಯನ್ನು ಬಾಯಿಪಾಠ ಮಾಡಿ ‘ನೀರು’, ‘ಬೆಂಕಿ’, ‘ಮೀನು’ ಎಂಬ ಪದಗಳನ್ನು ಕಲಿಯಬಹುದು. ‘ರುಪು’ ‘ವರಕ್’ಗಳ ಭೇದವನ್ನು ಹಾಗೆ ಕಲಿಯಲಾಗದು, ಅದಕ್ಕೆ ಹೊಳೆಯ ದಡದಲ್ಲಿ ನಿಲ್ಲಬೇಕು, ನಡೆಯಬೇಕು, ನೋಡಬೇಕು. ೧೯೯೦ರ ದಶಕದಲ್ಲಿ ಕ್ಯಾಲಿಫೋರ್ನಿಯದ ಮೂಲನಿವಾಸಿಗಳು ಗುರುಶಿಷ್ಯ ಪದ್ಧತಿಯೊಂದನ್ನು ಆರಂಭಿಸಿದರು. ನುಡಿಬಲ್ಲ ಹಿರಿಯರೊಬ್ಬರೊಡನೆ ಕಿರಿಯರೊಬ್ಬರು ಇದ್ದು, ಅಡುಗೆ, ತಿರುಗಾಟ, ಬುಟ್ಟಿ ಹೆಣೆಯುವುದು ಮುಂತಾದ ದಿನದ ಕೆಲಸಗಳನ್ನು ಮಾಡುತ್ತಲೇ ಇಂಗ್ಲಿಷಿಲ್ಲದೆ ಮಾತಾಡುವುದು ಅದರ ಕ್ರಮ. ಕಾರುಕ್ ಜನರೂ ಅದರಲ್ಲಿ ಸೇರಿದರು.

ಕ್ಲಾಮತ್ ನದಿಯ ಮೇಲ್ಭಾಗದಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಕಟ್ಟಿದ ಅಣೆಕಟ್ಟೆಗಳು ಸಾಲ್ಮನ್ ಮೀನಿನ ದಾರಿಯನ್ನು ತಡೆದಿದ್ದವು. ಕಾರುಕ್, ಯುರೋಕ್ ಮುಂತಾದ ಜನರು ವರ್ಷಗಟ್ಟಲೆ ಹೋರಾಡಿದುದರ ಫಲವಾಗಿ ನಾಲ್ಕು ಅಣೆಕಟ್ಟೆಗಳನ್ನು ಕಿತ್ತುಹಾಕುವ ಕೆಲಸ ೨೦೨೪ರಲ್ಲಿ ಮುಗಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ಒಂದು ಶತಮಾನಕ್ಕೂ ಹೆಚ್ಚು ಕಾಲದ ಮೇಲೆ, ಸಾಲ್ಮನ್ ಮೀನುಗಳು ಅಣೆಕಟ್ಟೆಗಳಿದ್ದ ಜಾಗವನ್ನು ದಾಟಿ ಓರಿಗನ್ನಿನವರೆಗೆ ಈಜಿಹೋದುದು ಕಂಡುಬಂದಿತು. ಆ ಮೀನು ಹಿಡಿದ ದಿಕ್ಕನ್ನು ಹೇಳಲು ಒಂದೇ ಒಂದು ಪದ ಸಾಕು: ಕಾರುಕ್. ಆ ಪದಕ್ಕೆ ತಕ್ಕ ಪ್ರತ್ಯಯವನ್ನು ತನ್ನ ಕ್ರಿಯಾಪದಕ್ಕೆ ಹಚ್ಚಿ ಹೇಳಬಲ್ಲ ಮಕ್ಕಳು ಆ ದಡದಲ್ಲಿ ಮತ್ತೆ ಬೆಳೆಯುವರೆ ಎಂಬುದೇ ಈಗ ಉಳಿದಿರುವ ಪ್ರಶ್ನೆ.